ಕಾಟಲಿಂಗಪ್ಪ ಹೆಂಡತಿಯನ್ನು ಕರೆಯಲು ಹೋದದ್ದು

ಚಿತ್ರದುರ್ಗದ ಕೋಟೆಗೆ ಮುತ್ತಿಗೆ ಹಾಕಿದ ದಂಡುಗಳ ಸಂಗತಿ ಎಲ್ಲರಿಗೂ ಗೊತ್ತು. ಅದೇ ಕೋಟೆಯ ಕೆಳಗೆ, ಮೂರ್ತಪ್ಪನವರ ಅಚ್ಚುಕೂಟದ ಹಿಂದಿನ ಕೋಣೆಯಲ್ಲಿ ಕುಳಿತು, ಒಂದು ಲೇಖನಿಯಿಂದ ಮೂರು ತಾಲ್ಲೂಕಿನ ಹೆಂಗಸರ ಕಣ್ಣೀರನ್ನೆಲ್ಲ ಸೂರೆ ಮಾಡಿದ ವೀರನೊಬ್ಬನಿದ್ದ. ಅವನೇ ಕಾಟಲಿಂಗಪ್ಪ. ಹೊಟ್ಟೆಪಾಡಿಗೆ ಅಚ್ಚಿನ ಮೊಳೆ ಜೋಡಿಸುತ್ತಿದ್ದ. ಕೀರ್ತಿಗೆ ಪ್ರೇಮಕಥೆ ಬರೆಯುತ್ತಿದ್ದ. ಅವನ ತೆಳು ಪುಸ್ತಕಗಳು ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯ ಸಂತೆಗಳಲ್ಲಿ ಬಳೆ ಮಲಾರದ ಪಕ್ಕದಲ್ಲೇ ಗೋಣಿತಾಟಿನ ಮೇಲೆ ಮಾರಾಟವಾಗುತ್ತಿದ್ದವು. ಕೊಳ್ಳುವವರಲ್ಲಿ ಹೆಚ್ಚು ಜನಕ್ಕೆ ಓದು ಬಾರದು. ಊರಿಗೆ ಒಯ್ದು ಅಕ್ಷರ ಬಲ್ಲವನೊಬ್ಬನ ಕೈಗೆ ಕೊಟ್ಟರೆ ಅವನು ಜಗಲಿಯ ಮೇಲೆ ಕುಳಿತು ಗಟ್ಟಿಯಾಗಿ ಓದುವನು, ಕೇರಿಗೆ ಕೇರಿಯೇ ಕೇಳುವುದು.

ಬರೆಯುವ ಹುಚ್ಚು ಹತ್ತಿದವರು ಈ ಮಹಾನುಭಾವನ ಬಳಿ ಉಪದೇಶಕ್ಕೆ ಬರುತ್ತಿದ್ದರು. ಹೊಳಲ್ಕೆರೆಯ ಮೇಷ್ಟ್ರು ಚಿತ್ತಯ್ಯನಿಗೆ ಅವನು ಸಾಕ್ಷಾತ್ ಗೀತೋಪದೇಶವನ್ನೇ ಮಾಡಿದ. ನಾಯಕಿಯ ಮೂಗು, ಕಣ್ಣು ವರ್ಣಿಸುತ್ತ ಕೂರಬೇಡಿ. ಜಗಲಿಯ ಮೇಲಿರುವ ಒಬ್ಬೊಬ್ಬಳೂ ಅವಳು ತಾನೇ ಅಂದುಕೊಳ್ಳಬೇಕು. ಉದ್ದುದ್ದ ವಾಕ್ಯ ಬರೆದರೆ ಓದುವವನ ಉಸಿರು ಕಟ್ಟುತ್ತದೆ, ಕೇಳುವವರು ಎಮ್ಮೆ ಕರೆಯಲು ಎದ್ದು ಹೋಗುತ್ತಾರೆ. ಮುನಿಸನ್ನು ಎಷ್ಟು ಬೇಕಾದರೂ ಎಳೆಯಿರಿ, ಕೊನೆಯ ಪುಟದಲ್ಲಿ ಇಬ್ಬರನ್ನೂ ಕೂಡಿಸಿಬಿಡಿ. ಇಲ್ಲದಿದ್ದರೆ ಮುಂದಿನ ಸಂತೆಯಲ್ಲಿ ಬಳೆಗಾರನೂ ಪಕ್ಕದಲ್ಲಿ ಜಾಗ ಕೊಡುವುದಿಲ್ಲ.

ಒಂದು ಗುಟ್ಟನ್ನು ಮಾತ್ರ ಅವನು ಯಾರಿಗೂ ಹೇಳಲಿಲ್ಲ. ಅವನ ನಾಯಕಿಯರು ಆಡುತ್ತಿದ್ದ ಮಾತು ಅವನವಲ್ಲ. ಹೆಂಡತಿ ಬರಗೇರಮ್ಮ ರೊಟ್ಟಿ ತಟ್ಟುತ್ತ, ಬೈಯುತ್ತ, ನಗುತ್ತ ಆಡಿದ್ದು.

ಅವರ ಹೆಣ್ಣು ಕೂಸು, ಇನ್ನೂ ಅಂಬೆಗಾಲಿಡುತ್ತಿದ್ದಾಗಲೇ, ಜ್ವರ ಬಂದು ತೀರಿಕೊಂಡಿತು. ಮಣ್ಣು ಮಾಡಿ ಬಂದ ಮೇಲೆ ಬರಗೇರಮ್ಮ ಅಳಲಿಲ್ಲ. ನೆನೆದ ಸೆರಗನ್ನು ಎದೆಗೆ ಒತ್ತಿಕೊಂಡು ಗಂಡನ ಕಿವಿಗಷ್ಟೇ ಬೀಳುವಂತೆ ಅಂದಳು: "ಕೂಸು ಇಲ್ಲ ಅಂತ ಹಾಲಿಗಿನ್ನಾ ಗೊತ್ತಿಲ್ಲ ನೋಡ್ರಿ."

ಮುಂದಿನ ಕಥೆಯಲ್ಲಿ ನಾಯಕಿ ಅದೇ ಮಾತಾಡಿದಳು.

ಹೊಸದುರ್ಗದ ಸಂತೆ ಗೊಳೋ ಎಂದು ಅತ್ತಿತು. ಮೂರ್ತಪ್ಪನವರು ಸಂತೋಷದಿಂದ ಮತ್ತೆ ಅಚ್ಚು ಹಾಕಿಸಿದರು. ಆ ಪುಸ್ತಕ ಕಾಟಲಿಂಗಪ್ಪನ ಕೇರಿಗೂ ಬಂತು. ಪಕ್ಕದ ಮನೆಯ ಜಗಲಿಯಲ್ಲಿ ರಾಗಿ ಕೇರುತ್ತ ಕುಳಿತಿದ್ದ ಬರಗೇರಮ್ಮನ ಕಿವಿಗೆ ಅವಳದೇ ಮಾತು ಗಂಡಸಿನ ಗಟ್ಟಿ ದನಿಯಲ್ಲಿ ಬಿತ್ತು. ಹೆಂಗಸರು ಕಣ್ಣೊರೆಸಿಕೊಂಡರು, ಆಮೇಲೆ ಒಬ್ಬೊಬ್ಬರಾಗಿ ಅವಳ ಕಡೆ ತಿರುಗಿದರು. ಅವಳು ಮೊರವನ್ನು ಅಲ್ಲೇ ಇಟ್ಟು, ಅಂದೇ ತವರೂರು ಹರಿಯಬ್ಬೆಗೆ ಹೊರಟುಹೋದಳು.

ಮುನಿದು ತವರಿಗೆ ಹೋದವಳನ್ನು ಗಂಡ ತಾನೇ ಹೋಗಿ ಕರೆಯಬೇಕು. ಬೇರೆಯವರನ್ನು ಕಳಿಸಿದರೆ ಅದು ಇನ್ನೊಂದು ಅವಮಾನ. ಇದು ಕಾಟಲಿಂಗಪ್ಪನಿಗೆ ತಿಳಿಯದ್ದೇ? ಅವನ ನಾಯಕರು ಇದೇ ಕೆಲಸಕ್ಕಾಗಿ ವೇದಾವತಿಯನ್ನು ತುಂಬು ಪ್ರವಾಹದಲ್ಲಿ ಈಜಿದವರು, ಚಿರತೆಯ ಜೊತೆ ಕುಸ್ತಿ ಆಡಿದವರು. ಅವರನ್ನೆಲ್ಲ ಹಡೆದ ಧೀರನಿಗೆ ಮಾತ್ರ ಹಿರಿಯೂರಿನ ಗಾಡಿ ಹತ್ತಲು ಕಾಲು ಬರಲಿಲ್ಲ. ಎದುರು ನಿಂತು ಏನು ಹೇಳುವುದು? ಬಾಯಿಗೆ ಬರದಿದ್ದರೂ ಕೈಗೆ ಬರುತ್ತಿತ್ತು. ಆದ್ದರಿಂದ ಬರೆದ. ಹೆಂಡತಿಯ ದುಃಖವನ್ನು ಸಂತೆಗಿಟ್ಟ ಗಂಡನೊಬ್ಬ ಅವಳ ಕಾಲು ಹಿಡಿದು ತಪ್ಪಾಯಿತೆನ್ನುವ ಕಥೆ. ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಬರೆಯುವಾಗ ಅವನೇ ಬಿಕ್ಕಿ ಬಿಕ್ಕಿ ಅತ್ತಿದ್ದ.

ಪುಸ್ತಕ ಹಿರಿಯೂರು ಸಂತೆಯಿಂದ ಹರಿಯಬ್ಬೆಗೆ ಹೋಯಿತು. ಅಲ್ಲಿ ಓದು ಬಲ್ಲವನು ಓಬಯ್ಯ. ಪಾಪ, ಇದ್ದದ್ದನ್ನು ಇದ್ದ ಹಾಗೆ ಗಟ್ಟಿಯಾಗಿ ಓದಿದ. ಬರಗೇರಮ್ಮ ಹೆತ್ತ ತಾಯಿಗೂ ಹೇಳದೆ ಇಟ್ಟುಕೊಂಡಿದ್ದ ಮುನಿಸಿನ ಕಾರಣ ಊರಿಗೆಲ್ಲ ತಿಳಿಯಿತು.

ಆ ಸುದ್ದಿ ಕೇಳಿದ ಮೇಲೆ ಕಾಟಲಿಂಗಪ್ಪ ಗಾಡಿ ಹತ್ತಿದ. ಬರಗೇರಮ್ಮ ನೆಂಟರಿಗೆ ಕೊಡುವ ಹಾಗೆ ಬೆಲ್ಲ, ನೀರು ತಂದಿಟ್ಟು ಬಾಗಿಲಿಗೆ ಒರಗಿ ನಿಂತಳು.

"ನಿನಗೇ ಅಂತ ಬರೆದದ್ದು," ಎಂದ.

"ನನಗೆ ಓದಾಕ್ ಬರುತ್ತಾ?"

ಅವನು ಬೆಲ್ಲದ ಚೂರೊಂದನ್ನು ಬಾಯಿಗೆ ಹಾಕಿಕೊಂಡ.

"ಒಬ್ಬಳ ಹತ್ರ ಹೇಳೋದನ್ನ ಊರಿಗೆಲ್ಲ ಹೇಳಿದ್ರಿ. ಈಗ ನಾನಾಡೋ ಮಾತು ಮುಂದಿನ ಪುಸ್ತಕದಾಗೆ ಬರಲ್ಲ ಅಂತ ಹೆಂಗ್ ನಂಬ್ಲಿ, ನೀವೇ ಹೇಳ್ರಿ."

ಆಣೆಯಿಟ್ಟು ಹೇಳಿದ್ದರೆ ಮುಗಿದೇ ಹೋಗುತ್ತಿತ್ತು. ಆದರೆ ಆ ಹಾಳು ಗಳಿಗೆಯಲ್ಲಿ ಅವನೊಳಗಿನ ಕಸುಬುದಾರ ತಲೆ ಎತ್ತಿ, ಎಂಥ ಮಾತು, ಕಥೆಯ ನಡುವೆ ಇಟ್ಟರೆ ಹೇಗಿರುತ್ತದೆ, ಎಂದುಬಿಟ್ಟ. ಕಣ್ಣು ಮಿಟುಕಿಸುವಷ್ಟು ಹೊತ್ತು, ಅಷ್ಟೆ. ಗಂಡನ ಮುಖವನ್ನು ಓದಲು ಬರಗೇರಮ್ಮನಿಗೆ ಅಕ್ಷರ ಬೇಕಿರಲಿಲ್ಲ. ಚೊಂಬು ಎತ್ತಿಕೊಂಡು ಒಳಗೆ ಹೋದಳು.

ಆ ಮಾತನ್ನು ಅವನು ಬರೆಯಲಿಲ್ಲ. ಆಮೇಲೆ ಬರೆದ ಎರಡು ಪುಸ್ತಕಗಳಲ್ಲಿ ಅವಳು ಆಡಿದ ಒಂದು ಮಾತನ್ನೂ ಸೇರಿಸಲಿಲ್ಲ. ಹರಿಯಬ್ಬೆಯಲ್ಲಿ ಓಬಯ್ಯ ಓದುವಾಗ ಅವಳು ಕಂಬದ ಮರೆಯಲ್ಲಿ ಕುಳಿತು ಕೊನೆಯ ಪುಟದವರೆಗೂ ಕಿವಿಗೊಟ್ಟು ಕೇಳಿದಳು. ತನ್ನದೊಂದೂ ಸಿಗಲಿಲ್ಲ. ಎರಡನೆಯದು ಮುಗಿದ ದಿನ, ಮುಂದಿನದರಲ್ಲೂ ಇಲ್ಲದಿದ್ದರೆ ತಾನೇ ದುರ್ಗಕ್ಕೆ ಹೋಗುವೆನೆಂದು ಓಬಯ್ಯನಿಗೆ ಹೇಳಿ, ಯಾರಿಗೂ ಬಾಯಿ ಬಿಡಬಾರದೆಂದು ಮಾರಮ್ಮನ ಮೇಲೆ ಆಣೆ ಹಾಕಿಸಿಕೊಂಡಳು.

ಆದರೆ ಅವಳ ಮಾತಿಲ್ಲದ ಕಥೆ ಯಾರಿಗೆ ಬೇಕು? ಉಪ್ಪಿಲ್ಲದ ಸಾರು ಎಂದು ಹೊಸದುರ್ಗದ ಹೆಂಗಸರು ಮುಖ ತಿರುಗಿಸಿದರು. ಮೂರ್ತಪ್ಪನವರು ಇನ್ನು ಸಾಕೆಂದರು. ಕಾಟಲಿಂಗಪ್ಪ ಮತ್ತೆ ಬರೀ ಮೊಳೆ ಜೋಡಿಸುವವನಾದ.

ಕೋರ್ಟಿನ ಕೆಲಸಕ್ಕೆ ದುರ್ಗಕ್ಕೆ ಬಂದ ಓಬಯ್ಯ ಅಚ್ಚುಕೂಟದ ಬಾಗಿಲಲ್ಲಿ ನಿಂತ.

"ಮುಂದಿನ ಕತೆ ಯಾವಾಗ ಬರ್ತೈತೆ ಕಾಟಲಿಂಗಪ್ಪಣ್ಣ? ನಮ್ಮೂರಾಗೆ ಒಬ್ರು ಬಾಳ ಕಾಯ್ತಾ ಅವ್ರೆ."

ತನ್ನಂಥ ಬಡಪಾಯಿಗೆ ಸಮಾಧಾನ ಹೇಳುತ್ತಿದ್ದಾನೆ ಎಂದುಕೊಂಡ ಪ್ರೇಮಶಾಸ್ತ್ರ ಪಾರಂಗತ, ಆ ಒಬ್ಬರು ಯಾರೆಂದು ಕೇಳಲಿಲ್ಲ.

"ಒಬ್ರಿಗೋಸ್ಕರ ಯಾರಾದ್ರೂ ಅಚ್ಚು ಹಾಕ್ತಾರೇನಪ್ಪ," ಎಂದು ಮೊಳೆಯ ಪೆಟ್ಟಿಗೆಗೆ ಕೈ ಹಾಕಿದ.

ಓಬಯ್ಯ ಇನ್ನೂ ಸ್ವಲ್ಪ ಹೊತ್ತು ನಿಂತಿದ್ದ. ಆಮೇಲೆ ಹಿರಿಯೂರಿನ ಗಾಡಿ ತಪ್ಪೀತೆಂದು ಹೊರಟ.