ಎಣ್ಣೆ ಮೊದಲು, ಸಾಬೂನು ಆಮೇಲೆ

ಹುಣಸಗಿಯಿಂದ ಬಸ್ಸಿನಲ್ಲಿ ಕಾಲು ಗಂಟೆ ದೂರದ ಊರೊಂದರ ಶಾಲೆಯಲ್ಲಿ ಬಿಸಿಯೂಟ ಬೇಯಿಸುವ ಮರಿಲಿಂಗಮ್ಮನದು ಒಂದೇ ಕಟ್ಟಳೆ: ಕೈ ತೊಳೆಯದವರಿಗೆ ತಾಟಿಲ್ಲ. ನಳದ ಹತ್ತಿರ ತಾನೇ ನಿಂತು ಒಬ್ಬೊಬ್ಬರ ಅಂಗೈ ತಿರುವಿ ನೋಡುತ್ತಾಳೆ. ಉಗುರಲ್ಲಿ ಮಣ್ಣು ಕಂಡರೆ, "ಹೊಲಾನ ಹೊತ್ಕೊಂಡು ಬಂದೀಯೇನು?" ಎಂದು ಹಿಂದಕ್ಕೆ ಅಟ್ಟುತ್ತಾಳೆ. ಅವಳು ಈ ಹಟ ಹಿಡಿದ ಮೇಲೆ ಮಕ್ಕಳ ಹೊಟ್ಟೆನೋವು ಕಡಿಮೆಯಾಗಿದೆ ಎಂದು ಹೆಡ್‌ಮಾಸ್ತರು ದೇವಿಂದ್ರ ಹೇಳುತ್ತಾರೆ. ಅವಳಿಗೂ ಅದರ ಹೆಮ್ಮೆಯಿದೆ.

ಈ ಜನವರಿಯಲ್ಲಿ ಐದನೆಯ ತರಗತಿಯ ಸಂಘಮಿತ್ರಾ ನಳದ ಹತ್ತಿರ ಬರುವುದನ್ನೇ ಬಿಟ್ಟಳು. ಊಟದ ಹೊತ್ತಿಗೆ ಬೇವಿನ ಗಿಡದ ಹಿಂದೆ, ಕೈಗಳನ್ನು ಕಂಕುಳಲ್ಲಿ ಅವುಚಿಕೊಂಡು ಕೂರುತ್ತಿದ್ದಳು. ಕರೆದರೆ, "ಹಸಿವಿಲ್ಲರಿ ಆಯಿ" ಎನ್ನುತ್ತಿದ್ದಳು. ಮುಖ ಬತ್ತಿತು. ಒಂದು ಬೆಳಿಗ್ಗೆ ಪ್ರಾರ್ಥನೆಯ ನಡುವೆ ತಲೆ ತಿರುಗಿ ಕುಸಿದಳು. ಮರಿಲಿಂಗಮ್ಮ ಇದೆಲ್ಲ ಮೈಗಳ್ಳತನವೆಂದೇ ತಿಳಿದಳು.

"ನೀರು ಕಂಡ್ರ ಬೆಕ್ಕಿನಂಗ ಮಾಡ್ತೀಯಲ್ಲ" ಎಂದು ರಟ್ಟೆ ಹಿಡಿದು ಎಳೆತಂದು, ಒಲೆಯ ಮೇಲಿನ ಬಿಸಿನೀರು ಬೆರೆಸಿ, ಸಾಬೂನು ಹಚ್ಚಿ ಗಸಗಸ ಉಜ್ಜಿದಳು. ಹುಡುಗಿ ಚೀರಲಿಲ್ಲ. ತುಟಿ ಕಚ್ಚಿ ಅಲ್ಲೇ ಕುಕ್ಕರಿಸಿದಳು. ಕಣ್ಣೀರು ಮಾತ್ರ ನಿಲ್ಲಲಿಲ್ಲ. ಅವಳ ಅಂಗಿಯಿಂದೆದ್ದ ಘಾಟಿಗೆ ಮರಿಲಿಂಗಮ್ಮನಿಗೇ ಕೆಮ್ಮು ಬಂತು. ಮೆಣಸಿನಕಾಯಿ.

ಆ ಉರಿ ಅವಳಿಗೆ ಹೊಸದಲ್ಲ. ಶಾಲೆಯ ಒಲೆಗೆ ಬರುವ ಮೊದಲು ಕಾಲುವೆ ಕೆಳಗಿನ ಹೊಲಗಳಲ್ಲಿ ವರ್ಷಗಟ್ಟಲೆ ಮೆಣಸಿನಕಾಯಿ ಬಿಡಿಸಿದವಳು. ಬಿಸಿನೀರು ತಾಗಿದರೆ ಕೈ ಕೆಂಡವಾಗುತ್ತದೆ, ಮೊದಲು ಎಣ್ಣೆ ತಿಕ್ಕಬೇಕು. ಗೊತ್ತಿದ್ದೂ ನಳದ ಹತ್ತಿರ ನಿಂತಾಗ ಅದು ನೆನಪಾಗಿರಲಿಲ್ಲ.

ಒಗ್ಗರಣೆಯ ಎಣ್ಣೆಯನ್ನೇ ಸುರಿದು ತಿಕ್ಕುತ್ತ ಕೇಳಿದಳು: "ಎಂದಿನಿಂದ?"

"ಅವ್ವಂದು ಆಪರೇಷನ್ ಆದಾಗಿಂದ್ರಿ. ಅವ್ವನ ಸಾಲಿಗೆ ನಾನ ನಿಲ್ಲಾಕತ್ತೀನಿ."

ಬಿಡಿಸುವ ಗುಂಪಿನಲ್ಲಿ ಒಬ್ಬೊಬ್ಬಳಿಗೆ ಒಂದೊಂದು ಸಾಲು. ಒಂದು ದಿನ ಸಾಲು ಖಾಲಿ ಬಿದ್ದರೆ ಅದು ಬೇರೊಬ್ಬಳಿಗೆ ಹೋಗುತ್ತದೆ; ಆ ಸುಗ್ಗಿಯಲ್ಲಿ ಮರಳಿ ಸಿಗುವುದಿಲ್ಲ. ಬೆಳಗಿನ ಹೊತ್ತು ಮನೆಯವರು ಯಾರಾದರೂ ನಿಂತರೆ, ಉಳಿದದ್ದನ್ನು ಜೊತೆಯವರು ಹಂಚಿಕೊಂಡು ಮುಗಿಸಿಕೊಡುತ್ತಾರೆ. ಸಂಘಮಿತ್ರಾಳ ಅವ್ವ ಅಂಜನಾಳ ಮನೆಯಲ್ಲಿ ನಿಲ್ಲಬಲ್ಲವಳು ಮಗಳೊಬ್ಬಳೇ.

"ಮಕ್ಕಳ ಸಹಾಯವಾಣಿಗೆ ಫೋನ್ ಹಚ್ಚಲೇನು?" ಎಂದರು ವಿಷಯ ತಿಳಿದ ದೇವಿಂದ್ರ ಮಾಸ್ತರು.

"ಹಚ್ಚ್ರಿ ಸರ. ಜೀಪು ಬರ್ತದ, ಅಂಜನಾನ ಸಾಲು ಹೋಗ್ತದ. ಆಮ್ಯಾಲ ಆಕಿ ಹೊಟ್ಟಿ ಹೊಲಿಗಿ ಹಿಡಕೊಂಡು ಮತ್ತೊಂದು ಕೂಲಿ ಹುಡುಕತಾಳ, ಈಕಿ ಮನ್ಯಾಗ ತಮ್ಮನ್ನ ಎತ್ತಿಗೊಂಡು ಕೂಡ್ತಾಳ. ಶಾಲಿ?"

ಮಾಸ್ತರು ಕೈಯಲ್ಲಿದ್ದ ಫೋನನ್ನು ಜೇಬಿಗೆ ಇಳಿಬಿಟ್ಟರು.

ಸಂಜೆ ಮರಿಲಿಂಗಮ್ಮ ಗುಂಪಿನ ಮುಖ್ಯಸ್ಥೆ ದಾವಲಬೀಯ ಮನೆಗೆ ಹೋದಳು.

"ಏನಬೇ, ಸೌಟು ಸಾಕಾತೇನು?"

"ಹುಡುಗೀನ ಬಿಡು. ಆ ಸಾಲಿಗೆ ನಾ ನಿಲ್ತೀನಿ."

"ಮನಿಯವರ ನಿಲ್ಲಬೇಕು."

"ಅಂಜನಾ ನನ್ನ ತಂಗಿ ಅಂತ ತಿಳಕೋ."

"ನಾ ತಿಳಕೋತೀನಿ. ಹೊಲದಾವ ತಿಳಕೋಬೇಕಲ್ಲ." ದಾವಲಬೀ ಎಲೆಗೆ ಸುಣ್ಣ ಸವರಿದಳು. "ಬಾ. ಆದ್ರ ಒಂದಿನ ತಪ್ಪಿದಿ ಅಂದ್ರ ಸಾಲು ನನ್ನ ಕೈಯಾಗ ಇರಂಗಿಲ್ಲ."

ಅಂದಿನಿಂದ ಮರಿಲಿಂಗಮ್ಮ ಬೆಳಕು ಹರಿಯುವಾಗ ಹೊಲದಲ್ಲಿರುತ್ತಾಳೆ. ಬಿಸಿಲೇರುತ್ತಲೇ ಸೆರಗು ಝಾಡಿಸಿ ಶಾಲೆಗೆ ಓಡುತ್ತಾಳೆ. ಬೇಳೆ ತೊಳೆಯುವಾಗ ಹಲ್ಲು ಕಚ್ಚುತ್ತಾಳೆ. ಯುಗಾದಿಯ ತನಕ ಬಾಗಬಾರದೆಂದು ಡಾಕ್ಟರು ಅಂಜನಾಳಿಗೆ ಹೇಳಿದ್ದಾರೆ. ಮರಿಲಿಂಗಮ್ಮನ ಮೊಣಕಾಲು ಈಗಲೇ ಬಾತಿದೆ. ಅವಳು ಮಲಗಿದ ದಿನ ಹುಡುಗಿ ಮತ್ತೆ ಹೊಲಕ್ಕೆ ಹೋಗುತ್ತಾಳೆ. ಅದಕ್ಕೇ ಮಲಗುವುದಿಲ್ಲ.

ಸಂಘಮಿತ್ರಾ ಈಗ ಊಟಕ್ಕೆ ಎಲ್ಲರಿಗಿಂತ ಮುಂದೆ. ಮೊನ್ನೆ ನಳದ ಹತ್ತಿರ ಎಣ್ಣೆ ಬಾಟಲಿ ಹಿಡಿದು ಅವಳೇ ಕಾದಿದ್ದಳು.

"ಕೈ ತೋರಸ್ರಿ ಆಯಿ. ಹೊಲಾನ ಹೊತ್ಕೊಂಡು ಬಂದೀರೇನು?"

ಮರಿಲಿಂಗಮ್ಮ ನಗುತ್ತ ಕೈ ಚಾಚಿದಳು. ಹುಡುಗಿ ಎಣ್ಣೆ ಸುರಿದು ಬೆರಳ ಸಂದಿಯನ್ನೂ ಬಿಡದೆ ತಿಕ್ಕಿದಳು. ಅದನ್ನು ನೋಡುತ್ತ ನಿಂತಿದ್ದ ಮೂರನೆಯ ತರಗತಿಯ ಹುಡುಗಿಯೊಬ್ಬಳು ಬೆನ್ನ ಹಿಂದಿದ್ದ ಕೈಯನ್ನು ಮೆಲ್ಲಗೆ ಮುಂದೆ ತಂದಳು. ಅವಳ ಹಿಂದೆ ಇನ್ನೊಬ್ಬಳು. ಆಮೇಲೆ ಮತ್ತೊಬ್ಬಳು. ಅಂಗೈಗಳು ಕೆಂಪಗಿದ್ದವು.

ಮರಿಲಿಂಗಮ್ಮನ ನಗು ನಿಂತಿತು. ಅವಳು ನಿಲ್ಲಬಹುದಾದದ್ದು ಒಂದು ಸಾಲಿಗೆ. ಬಾಟಲಿ ಇಸಿದುಕೊಂಡು, ಚಾಚಿದ ಒಂದೊಂದು ಕೈಗೂ ಎಣ್ಣೆ ಹಾಕುತ್ತ ಹೋದಳು. ಯಾರ ಸಾಲಿಗೆ ನಿಲ್ಲುತ್ತೀರಿ ಎಂದು ಕೇಳಲಿಲ್ಲ.