ಬಲಗಡೆ ಬೀಳಬೇಕಾದ ಹೂವು

ಕಣಗಿಲೆ ಹೂವಿಗೆ ತೂಕವೇ ಇಲ್ಲ. ನೀರಿನಲ್ಲಿ ಅದ್ದಿ ಮಾರಮ್ಮನ ಎರಡೂ ಭುಜಕ್ಕೆ ಅಂಟಿಸಿದರೆ, ತೇವ ಆರುವವರೆಗೆ ನಿಲ್ಲುತ್ತದೆ, ಆರಿದ ಮೇಲೆ ಉದುರುತ್ತದೆ. ಬಲಗಡೆಯದು ಮೊದಲು ಬಿದ್ದರೆ ಆಗಲಿ, ಎಡಗಡೆಯದು ಬಿದ್ದರೆ ಬೇಡ. ಇಷ್ಟನ್ನೇ ನಂಬಿ ನಮ್ಮ ಹರದನಹಳ್ಳಿಯಲ್ಲಿ ಮದುವೆ ನಿಶ್ಚಯಿಸುತ್ತಾರೆ, ಬೋರು ಕೊರೆಸುತ್ತಾರೆ. ಹೋದ ವರ್ಷ ನಾನು ಎಸ್ಸೆಸ್ಸೆಲ್ಸಿ ಪಾಸಾದಾಗ, ಚಾಮರಾಜನಗರದ ಕಾಲೇಜಿಗೆ ಕಳಿಸುವುದೋ ಮನೆಯಲ್ಲೇ ಇಟ್ಟುಕೊಳ್ಳುವುದೋ ಎಂಬುದನ್ನೂ ಅಪ್ಪ ಈ ಹೂವಿಗೇ ಬಿಟ್ಟ.

ನನ್ನ ಭಕ್ತಿಯ ಸ್ಥಿತಿಯನ್ನು ನಿಮಗೆ ಮೊದಲೇ ಹೇಳಿಬಿಡುತ್ತೇನೆ. ಡೈರಿಯಲ್ಲಿ ದಿನವೂ ತಾರೀಖಿನ ಪಕ್ಕ ದೇವರು ಇದ್ದಾನೆ ಅಥವಾ ಇಲ್ಲ ಎಂದು ಗುರುತು ಹಾಕುವವಳು ನಾನು. ತಿಂಗಳ ಕೊನೆಗೆ ಲೆಕ್ಕ ತೆಗೆದರೆ, ದೇವರ ಇರವು ನಾನು ಕೂತ ಬೆಂಚಿನ ಮೇಲೆ ನಿಂತಿರುತ್ತಿತ್ತು. ಸೋಮವಾರ ಉಪವಾಸವಿರುವ ನಾಗರತ್ನಳ ಪಕ್ಕ ಕೂತ ದಿನ ಇದ್ದಾನೆ. ಗುಂಡ್ಲುಪೇಟೆಯಲ್ಲಿ ಓದುವ ತನ್ನ ಅಣ್ಣನ ನಾಸ್ತಿಕ ವಾದಗಳನ್ನು ಬಾಯಿಪಾಠ ಮಾಡಿಕೊಂಡು ಬರುವ ಶೋಭಾಳ ಪಕ್ಕ ಕೂತ ದಿನ ಇಲ್ಲ. ಪರೀಕ್ಷೆಯ ವಾರ ಶೋಭಾಳೂ ವಿಭೂತಿ ಹಚ್ಚಿಕೊಂಡು ಬಂದಳಾದ್ದರಿಂದ ವಾರವಿಡೀ ಇದ್ದ. ಈ ವಯಸ್ಸಿನ ನಂಬಿಕೆ ನೆಗಡಿಯ ಹಾಗೆ, ಹತ್ತಿರ ಕೂತವರಿಂದ ಬರುತ್ತದೆ.

ಆ ಶುಕ್ರವಾರ ಗುಡಿಯಲ್ಲಿ ಅಪ್ಪ ಕೈಮುಗಿದು ಕೇಳಿದ. ಎಡಗಡೆಯ ಹೂವು ಬಿತ್ತು. ಪೂಜಾರಪ್ಪ ಮಂಗಳಾರತಿ ತಟ್ಟೆ ಎತ್ತಿಕೊಂಡ.

ಅಜ್ಜಿ ಮಾತ್ರ ಜಾಗ ಬಿಟ್ಟು ಕದಲಲಿಲ್ಲ. "ಬಸ್ಸು ಹಾರನ್ ಒಡೀತಿತ್ತು ಕಣ್ಲಾ, ಮಾರವ್ವಂಗೆ ಕೇಳಿಸ್ನಿಲ್ಲ. ಇನ್ನೊಂದ್ಸಲ ಕೇಳು."

"ಒಂದೇ ಸಲ ಕೇಳಾದು ಕಣವ್ವ," ಅಂದ ಅಪ್ಪ.

"ನಿನ್ ಮದ್ವೆಗೆ ಮೂರ್ ಸಲ ಕೇಳಿವ್ನಿ. ಸುಮ್ಕೆ ಕೇಳ್ಲಾ."

ನನ್ನ ತಾಯಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಪೂಜಾರಪ್ಪ ಹೊಸ ಹೂವು ಅಂಟಿಸಿದ. ಈ ಸಲ ಎರಡೂ ಬೀಳಲೊಲ್ಲವು. ಅಜ್ಜಿ ಗರ್ಭಗುಡಿಯ ಹೊಸ್ತಿಲಿಗೆ ಹೋಗಿ ಸೊಸೆಯನ್ನು ಗದರುವ ದನಿಯಲ್ಲಿ ಶುರುಮಾಡಿದಳು: "ನೀ ಈ ಊರ್ ಬುಟ್ಟು ಎಲ್ಗಾದ್ರೂ ಓಗಿದ್ದೀಯೇನವ್ವ? ಕಾಲೇಜು ಅಂದ್ರೆ ನಿಂಗೇನ್ ಗೊತ್ತು? ಗೊತ್ತಿಲ್ದಿದ್ರೆ ಏಳ್ದಂಗೆ ಕೇಳು."

ಬಲಗಡೆಯ ಹೂವು ಬಿತ್ತು.

ಊರಿಗೇ ಹಿರಿಯಳಾದ ಮಾರಮ್ಮನೇ ಎದುರಿಗೆ ನಿಂತವರ ಮಾತಿಗೆ ಮನಸ್ಸು ಬದಲಾಯಿಸುವಾಗ, ಹದಿನಾರರ ನನ್ನನ್ನು ಚಂಚಲೆ ಎನ್ನುವುದು ಯಾವ ನ್ಯಾಯ?

ಮನೆಗೆ ಬರುವ ದಾರಿಯಲ್ಲಿ ಅಪ್ಪ ಮೆಲ್ಲಗೆ ಕೇಳಿದ: "ಆಗ್ಲೂ ಬೀಳ್ದೆ ಇದ್ದಿದ್ರೆ ಏನವ್ವ ಮಾಡ್ತಿದ್ದೆ?"

"ಬೀಳೋಗಂಟ ಕೇಳ್ತಿದ್ದೆ," ಅಂದಳು ಅಜ್ಜಿ. "ಮಗು ಓದ್ಬೇಕೋ ಬ್ಯಾಡ್ವೋ?"