ಇಟಲಿ ಆಚಾರ್ಯರ ಸೈಕಲ್ಲೂ ಉರುಕುಂದನ ಕೈಯೂ

ಆದೋನಿಯಲ್ಲಿ ಸೈಕಲ್ ಮೇಸ್ತ್ರಿ ಉರುಕುಂದನ ಸಿಟ್ಟು ಗೊತ್ತಿಲ್ಲದವರು ಇರಲಿಲ್ಲ. ಈಗಿನವರಿಗೆ ಸೈಕಲ್ಲೇ ಬೇಕಾಗಿಲ್ಲ, ಇನ್ನು ಮೇಸ್ತ್ರಿಯ ಸಿಟ್ಟು ಕಟ್ಟಿಕೊಂಡು ಏನು ಮಾಡುತ್ತಾರೆ, ಬಿಡಿ. ಹತ್ತಿ ಮಾರುಕಟ್ಟೆಯ ಹಿಂದಿನ ಓಣಿಯಲ್ಲಿ, ಬೇವಿನ ಮರದ ಬುಡದಲ್ಲಿ ಅವನ ತಗಡಿನ ಅಂಗಡಿ. ಅಲ್ಲಿಗೆ ಸೈಕಲ್ ತಂದವರು "ಬ್ರೇಕ್ ಹಿಡೀವಲ್ದು" ಎಂದು ರೋಗ ಹೇಳಬಹುದಿತ್ತು, ಅಷ್ಟೇ. "ಆ ನಟ್ಟು ಚೂರು ಬಿಗಿ ಮಾಡು" ಎಂದು ಔಷಧ ಹೇಳಿದರೋ, ಕೆಟ್ಟರು. ನಟ್ಟು ತಿರುಗಿಸುವ ಪಾನಾ ಅವರ ಕೈಗೇ ಕೊಟ್ಟು, "ನೀನೇ ಮಾಡಪ್ಪ, ನಾ ನೋಡಿ ಕಲೀತೀನಿ" ಎಂದು ಮರದ ಕೆಳಗೆ ಕೂತು ಬೀಡಿ ಹಚ್ಚುತ್ತಿದ್ದ. ಒಮ್ಮೆ ಕೋರ್ಟಿನ ಗುಮಾಸ್ತರೊಬ್ಬರು ಎರಡನೇ ಸಲ ಬುದ್ಧಿ ಹೇಳಿದ್ದಕ್ಕೆ, ಅರ್ಧ ಬಿಚ್ಚಿದ ಅವರ ಸೈಕಲ್ಲನ್ನು ಎತ್ತಿ ರಸ್ತೆಗಿಟ್ಟುಬಿಟ್ಟಿದ್ದ. ಪಾಪ, ಅವರು ಚೈನನ್ನು ಕೊರಳಿಗೆ ಹಾಕಿಕೊಂಡು, ಸೈಕಲ್ ಹೊತ್ತು ಮನೆಗೆ ಹೋದರು. ಜನ ಬೈದುಕೊಂಡೇ ಅವನ ಹತ್ತಿರ ಬರುತ್ತಿದ್ದರು. ಬಾರದೆ ಎಲ್ಲಿಗೆ ಹೋಗಬೇಕು? ಅವನು ಕೈ ಹಾಕಿದ ಗಾಲಿ ಆಮೇಲೆ ವರ್ಷಗಟ್ಟಲೆ ಅಲುಗಾಡುತ್ತಿರಲಿಲ್ಲ.

ಅವನಪ್ಪ ಮಾರುಕಟ್ಟೆಯಲ್ಲಿ ಹತ್ತಿಯ ಬೇಲು ಹೊರುವ ಹಮಾಲಿ. ಮಗ ಬೇಲು ಹೊರುವುದು ಬೇಡವೆಂದು ಬಜಾರಪ್ಪನೆಂಬ ಹಳೆಯ ಮೇಸ್ತ್ರಿಯ ಕೈಗೆ ಒಪ್ಪಿಸಿದ. ಮಿಲ್ಲುಗಳ ಶಿಫ್ಟು ಬಿಟ್ಟಾಗ ಊರಿನ ರಸ್ತೆ ತುಂಬ ಬರೀ ಸೈಕಲ್ಲೇ ಕಾಣುತ್ತಿದ್ದ ಕಾಲ ಅದು. ಆ ಕಾಲ ಹೋಯಿತು, ಮಿಲ್ಲುಗಳು ಹೋದವು, ಬಜಾರಪ್ಪನೂ ಹೋದ. ಅರವತ್ತು ದಾಟಿದ ಉರುಕುಂದನಿಗೆ ಈಗ ಬರುವುದು ತಳ್ಳುಗಾಡಿಯ ಗಾಲಿ, ಶಾಲೆಯ ಮಕ್ಕಳ ಪಂಕ್ಚರು. ಇಡೀ ದಿನ ಯಾರೂ ಬಾರದ ದಿನಗಳೂ ಇರುತ್ತಿದ್ದವು. ಅಂಥ ದಿನ ಅವನು ಪಾನಾಗಳನ್ನೆಲ್ಲ ಸೀಮೆಎಣ್ಣೆಯಲ್ಲಿ ತೊಳೆದು, ಒರೆಸಿ, ಮತ್ತೆ ಗೋಡೆಗೆ ನೇತುಹಾಕುತ್ತಿದ್ದ. ಕೈಗೆ ಕೆಲಸವಿಲ್ಲದಿದ್ದರೆ ಅವನಿಗೆ ಊಟ ಸೇರುತ್ತಿರಲಿಲ್ಲ.

ಈ ವರ್ಷ ಸಂಕ್ರಾಂತಿ ಕಳೆದ ವಾರ ಸುಜಯೀಂದ್ರಾಚಾರ್ಯರು ಆಟೋದಲ್ಲಿ ತಮ್ಮ ಸೈಕಲ್ ಹೇರಿಕೊಂಡು ಬಂದು ಅವನ ಅಂಗಡಿಯ ಮುಂದೆ ಇಳಿದರು.

ಊರಿನಲ್ಲಿ ಅವರಿಗೆ ಇಟಲಿ ಆಚಾರ್ರು ಎಂದೇ ಹೆಸರು. ಹಿಂದೆ ಅವರು ಒಂದು ನೂಲಿನ ಮಿಲ್ಲಿನಲ್ಲಿ ಗುಮಾಸ್ತರಾಗಿದ್ದಾಗ, ಹೊಸ ಯಂತ್ರ ಕೂರಿಸಲು ಇಟಲಿಯಿಂದ ಒಬ್ಬ ಎಂಜಿನಿಯರ್ ಬಂದಿದ್ದ. ಆ ಮಹಾರಾಯ ಬರುವಾಗ ತನ್ನ ರೇಸ್ ಸೈಕಲ್ಲನ್ನೂ ಪೆಟ್ಟಿಗೆಯಲ್ಲಿ ಹಾಕಿಕೊಂಡೇ ಬಂದಿದ್ದ. ಅವನ ಇಂಗ್ಲಿಷ್ ಬೇರೆ ಯಾರಿಗೂ ತಿಳಿಯದೆ ಆಚಾರ್ಯರೇ ಅವನ ಬಾಯಿಯಾದರು, ಆಮೇಲೆ ಗೆಳೆಯರಾದರು. ಬೆಳಗ್ಗೆ ಪೆದ್ದಕಡುಬೂರಿನ ರಸ್ತೆಯಲ್ಲಿ ಒಂದು ದಿನ ಅವನು, ಒಂದು ದಿನ ಇವರು ಸೈಕಲ್ ಹೊಡೆಯುವರು. ಎಂಟು ತಿಂಗಳು ಕಳೆದು ಊರಿಗೆ ಹೊರಡುವಾಗ ಆತ ಸೈಕಲ್ಲನ್ನು ಇವರಿಗೇ ಕೊಟ್ಟುಹೋದ. ಹಣೆಗೆ ಅಂಗಾರ ಅಕ್ಷತೆ, ಪ್ಯಾಂಟಿನ ಕಾಲಿಗೆ ಕ್ಲಿಪ್ಪು, ಬಾಗಿದ ಹ್ಯಾಂಡಲ್ಲಿನ ಮೇಲೆ ಬೆನ್ನು ಬಗ್ಗಿಸಿ ಆಚಾರ್ಯರು ಹೊರಟರೆಂದರೆ ಓಣಿಯ ಹೆಂಗಸರು ಬಾಗಿಲಿಗೆ ಬಂದು ನಿಂತು ನಗುತ್ತಿದ್ದರು. ಹತ್ತು ವರ್ಷ ಹಾಗೆ ನಗಿಸಿದರು. ಮುಂದೆ ಸಂಸಾರ, ಸ್ಕೂಟರು, ಮೊಣಕಾಲು ನೋವು. ಸೈಕಲ್ಲು ಅಟ್ಟ ಸೇರಿತು.

"ಉರುಕುಂದಾ, ಇದನ್ನ ಮತ್ತ ಓಡೋ ಹಂಗ ಮಾಡಿ ಕೊಡ್ತೀಯೇನು?" ಎಂದರು ಆಚಾರ್ಯರು.

ಉರುಕುಂದ ಎರಡೇ ಬೆರಳಲ್ಲಿ ಸೈಕಲ್ಲನ್ನು ಎತ್ತಿ ನೋಡಿದ. ಉಕ್ಕಿನದು, ಆದರೂ ಹಗುರ. ತುಕ್ಕಿನ ಕೆಳಗೆ ಆಕಾಶನೀಲಿ ಬಣ್ಣ. ಕೊಳವೆಗಳು ಕೂಡುವ ಕಡೆಯಲ್ಲೆಲ್ಲ ಎಲೆಯ ಹಾಗೆ ಕೊರೆದ ಸಣ್ಣ ಕುಸುರಿ. ವಯಸ್ಸಿನ ಕಾಲದಲ್ಲಿ ಅದು ಓಣಿಯಲ್ಲಿ ಹಾದುಹೋಗುವಾಗ ಕೆಲಸ ಬಿಟ್ಟು ನೋಡಿದ್ದನೇ ಹೊರತು ಒಮ್ಮೆಯೂ ಮುಟ್ಟಿರಲಿಲ್ಲ.

"ಯಾಕಾಗಂಗಿಲ್ಲ ಆಚಾರ್ರೆ? ಈಗ ಯಾಕ ನೆಪ್ಪಾತು ಇದು?"

"ಕಣ್ಣು ಹೊಂಟಾವ," ಎಂದರು ಅವರು, ಊರಿಗೆ ಹೊರಟಿರುವ ಯಾರದೋ ಸುದ್ದಿ ಹೇಳುವವರಂತೆ. "ಒಂದು ಹೋತು. ಎಡಗಣ್ಣಿನ ನರಾನೂ ಒಣಗ್ಲಿಕ್ಕತ್ತದ. ಕರ್ನೂಲಿನ ಡಾಕ್ಟರು ಯುಗಾದಿ ದಾಟಿದ್ರ ಹೆಚ್ಚು ಅಂದಾರ. ಪೂರ್ತಿ ಹೋಗೋದರೊಳಗ ಆ ಕಡುಬೂರಿನ ರಸ್ತ್ಯಾಗ ಒಂದೇ ಒಂದು ಸಲ ಇದನ್ನ ಹೊಡೀಬೇಕು. ಆಮ್ಯಾಲೆ ಏನಾರ ಆಗ್ಲಿ."

ಉರುಕುಂದ ಸೈಕಲ್ಲನ್ನು ಮರಕ್ಕೆ ಒರಗಿಸಿದ. "ಯುಗಾದಿಗೆ ಹದಿನೈದು ದಿನ ಮುಂಚೇನ ಕೊಡ್ತೀನಿ," ಎಂದ. ಯಾರಿಗೂ ದಿನ ಹೇಳಿ ಒಪ್ಪಿಕೊಂಡವನಲ್ಲ ಆಸಾಮಿ.

ಮುಂದಿನ ಒಂದೂವರೆ ತಿಂಗಳು ಅವನಿಗೆ ಹಬ್ಬ. ಗೇರು, ಬ್ರೇಕು, ಕಡ್ಡಿ ಒಂದೊಂದನ್ನೂ ಬಿಚ್ಚಿ, ಹಳೆಯ ಪಂಚೆಯ ಮೇಲೆ ಸಾಲಾಗಿ ಇಟ್ಟು, ತುಕ್ಕನ್ನು ಸೀಮೆಎಣ್ಣೆಯಲ್ಲಿ ನೆನೆಸಿ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿದ. ಇಲ್ಲಿ ಸಿಗದ ಟಯರುಗಳನ್ನು ಆಚಾರ್ಯರ ಸೊಸೆ ಸುಷಮಾ ಫೋನಿನಲ್ಲೇ ಹುಡುಕಿ ತರಿಸಿಕೊಟ್ಟಳು. ಗಾಲಿಗಳನ್ನು ಅವನು ನೇರ ಮಾಡಿದ್ದು ಹೇಗೆಂದರೆ, ಬೆರಳಲ್ಲಿ ಒಮ್ಮೆ ತಳ್ಳಿದರೆ ಬೀಡಿ ಮುಗಿಯುವವರೆಗೂ ಸದ್ದಿಲ್ಲದೆ ತಿರುಗುತ್ತಿದ್ದವು. ಮನೆಗೆ ಹೋಗಿ ಹೆಂಡತಿ ಆದಿಲಕ್ಷ್ಮಿಗೆ ಅದೇ ಕಥೆ. "ಮದ್ವಿ ಆದಾಗ ನನ್ನ ಮಕಾನೂ ಹಿಂಗ ನೋಡಿಲ್ಲ ನೀವು," ಎಂದು ಆಕೆ ರೊಟ್ಟಿ ಬಡಿಯುತ್ತ ಛೇಡಿಸಿದಳು. ಅವನು ನಕ್ಕ. ಬಹಳ ದಿನದ ಮೇಲೆ ನಕ್ಕಿದ್ದ.

ಆಚಾರ್ಯರು ನಡುವೆ ಎರಡು ಸಲ ಬಂದಿದ್ದರು. ಬೇವಿನ ಮರದ ಹತ್ತಿರ ನಿಂತು, ಏನೋ ಹೇಳಲು ಬಂದವರಂತೆ ಕೆಮ್ಮಿ, "ನಡೀಲಿ, ನಡೀಲಿ" ಎಂದು ಹಾಗೆಯೇ ಹೋಗಿದ್ದರು. ಉರುಕುಂದ ತಲೆ ಎತ್ತಿರಲಿಲ್ಲ.

ಕೊನೆಗೆ ಉಳಿದದ್ದು ಪೆಡಲುಗಳ ಅಚ್ಚು. ಫ್ರೇಮಿನ ಬುಡದಲ್ಲಿ ಒಂದು ಗಿಡ್ಡ ಕೊಳವೆ. ಅದರೊಳಗೆ ಅಚ್ಚು, ಅಚ್ಚಿನ ಎರಡೂ ಕಡೆ ಬೇರಿಂಗ್ ಗುಂಡುಗಳನ್ನು ಹಿಡಿದಿಡುವ, ಬಟ್ಟಲಿನಂಥ ಎರಡು ಉಕ್ಕಿನ ಕಪ್ಪುಗಳು. ಒಳಗಿನ ಗ್ರೀಸು ಕಲ್ಲಾಗಿತ್ತು, ಬಿಚ್ಚಲೇಬೇಕು. ಎಡಗಡೆಯದು ಎಲ್ಲ ಸ್ಕ್ರೂಗಳಂತೆ ಎಡಕ್ಕೆ ತಿರುಗಿಸಿದ ಕೂಡಲೇ ಬಂತು. ಉಳಿದದ್ದು ಬಲಗಡೆಯದು. ಬಲಗಡೆಯ ಕಪ್ಪಿಗೆ ಉಲ್ಟಾ ಥ್ರೆಡ್ಡು, ಅದನ್ನು ಬಲಕ್ಕೆ ತಿರುಗಿಸಿದರೇ ಬಿಚ್ಚುವುದು. ಬಜಾರಪ್ಪ ಕಪಾಳಕ್ಕೆ ಹೊಡೆದು ಹೊಡೆದು ಕಲಿಸಿದ ಮೊದಲ ಪಾಠ ಅದು. ಅಲ್ಲಿಯವರೆಗೆ ಅವನ ಕೈಗೆ ಬಂದಿದ್ದ ಸಾವಿರಾರು ಸೈಕಲ್ಲುಗಳಲ್ಲಿ ಒಂದಾದರೂ ಅದನ್ನು ಮೀರಿರಲಿಲ್ಲ. ಉರುಕುಂದ ಪಾನಾ ಹಾಕಿ ಬಲಕ್ಕೆ ಎಳೆದ. ಜಪ್ಪಯ್ಯ ಎಂದರೂ ಕದಲಲಿಲ್ಲ.

ಎಣ್ಣೆ ಹಾಕಿ ರಾತ್ರಿಯಿಡೀ ಬಿಟ್ಟ. ಮರುದಿನ ಬಿಸಿ ಮಾಡಿ ಎಳೆದ. ಮೂರನೆಯ ದಿನ ಪಾನಾದ ಹಿಡಿಗೆ ಒಂದು ಮೊಳದ ಪೈಪು ತೂರಿಸಿ, ಗೋಡೆಗೆ ಕಾಲು ಕೊಟ್ಟು, ಮೈಯ ಬಲವನ್ನೆಲ್ಲ ಹಾಕಿ ಬಲಕ್ಕೆ ಜಗ್ಗಿದ. ಟಕ್ ಎಂದಿತು. "ಬಂತು ನನ್ಮಗಂದು!" ಎಂದು ಕೂಗಿದ. ಬಗ್ಗಿ ನೋಡಿದರೆ ಕಪ್ಪು ಇದ್ದಲ್ಲೇ ಇತ್ತು. ಬಿರಿದದ್ದು ಕೊಳವೆ. ಒಳಗೊಳಗೇ ತುಕ್ಕು ತಿಂದಿದ್ದ ಆ ಬುಡ ಉದ್ದಕ್ಕೂ ಸೀಳಿತ್ತು.

ಅಯ್ಯೋ ಶಿವನೇ! ಉರುಕುಂದ ಆ ಸೀಳಿನ ಮೇಲೆ ಹೆಬ್ಬೆರಳಿಟ್ಟು, ರಕ್ತ ಸೋರುವ ಗಾಯ ಒತ್ತಿ ಹಿಡಿದವನಂತೆ ಎಷ್ಟೋ ಹೊತ್ತು ಕೂತ. ಆಮೇಲೆ ಫ್ರೇಮನ್ನು ಹೆಗಲಿಗೆ ಹಾಕಿಕೊಂಡು ಅದೇ ಓಣಿಯ ಗ್ಯಾಸ್ ವೆಲ್ಡಿಂಗಿನ ದೇವದಾಸನ ಹತ್ತಿರ ಓಡಿದ. ಬೇಡ ಬೇಡವೆಂದೇ ದೇವದಾಸ ಬೆಂಕಿ ಹಿಡಿದ. ಸೀಳೇನೋ ಮುಚ್ಚಿತು, ಪಕ್ಕದ ತೆಳ್ಳನೆಯ ಕೊಳವೆ ಸುಟ್ಟು ಸೊಟ್ಟಗಾಯಿತು.

"ಅಯಿಪೋಯಿಂದಿ ಮೇಸ್ತ್ರಿ, ಮುಗೀತು ಇದರ ಕಥಿ," ಎಂದ ದೇವದಾಸ, ಕನ್ನಡಕ ಹಣೆಗೇರಿಸಿ. "ಇದರ ಮ್ಯಾಲೆ ಮನಷಾ ಕುಂತ್ರ ಎರಡು ತುಂಡು ಆಕ್ಕತಿ. ನಿನ್ನ ತಪ್ಪಲ್ಲ ಬಿಡು, ತುಕ್ಕು ಹಿಡಿದಿತ್ತು."

ತುಕ್ಕು ಹಿಡಿದಿತ್ತು. ಆ ಒಂದು ಮಾತನ್ನು ಉರುಕುಂದ ಗಟ್ಟಿಯಾಗಿ ಹಿಡಿದುಕೊಂಡ. ನಲವತ್ತೈದು ವರ್ಷದ ಕೈ ಸೋತಿಲ್ಲ, ತುಕ್ಕಿನ ಮುಂದೆ ಯಾರ ಆಟವೂ ನಡೆಯುವುದಿಲ್ಲ ಎಂದು ತನಗೆ ತಾನೇ ನೂರು ಸಲ ಹೇಳಿಕೊಂಡ. ಆದರೆ ಆಚಾರ್ಯರಿಗೆ ಹೇಳಲು ನಾಲಿಗೆ ಏಳಲಿಲ್ಲ. ಸುಷಮಾ ಫೋನ್ ಮಾಡಿದರೆ ಚೈನು ಬರಬೇಕು ಎಂದ. ಇನ್ನೊಮ್ಮೆ ಬಣ್ಣ ಒಣಗಬೇಕು ಎಂದ. ಯುಗಾದಿ ಬಂತು, ಹೋಯಿತು. ಸುಳ್ಳು ಹೇಳಿ ಅಭ್ಯಾಸವಿಲ್ಲದ ಮನುಷ್ಯ, ಫೋನ್ ಇಟ್ಟ ಮೇಲೆ ಬೆವರುತ್ತಿದ್ದ.

"ಹೋಗಿ ಹೇಳಿಬಿಡ್ರಿ," ಎಂದಳು ಆದಿಲಕ್ಷ್ಮಿ. "ಬೇರೆ ಸೈಕಲ್ ಮ್ಯಾಲಾದ್ರೂ ಹೋಗಿ ಬರ್ಲಿ ಆ ಯಪ್ಪ. ಕಣ್ಣು ನಿಮ್ಮ ಸಲುವಾಗಿ ಕಾಯ್ತಾವೇನು?"

"ನಾಳಿ ಹೇಳ್ತೀನಿ," ಎಂದ. ಆ ನಾಳೆ ಬರಲೇ ಇಲ್ಲ. ಏನು ಹೇಳಲಿ, ಅವನು ಮಾಡಿದ್ದು ಸೈಕಲ್ ಮುರಿದದ್ದಕ್ಕಿಂತ ದೊಡ್ಡ ತಪ್ಪು. ಹೇಳುವ ಬದಲು, ಬೆಸುಗೆಯನ್ನು ಉಜ್ಜಿ, ಮೇಲೆ ಆಕಾಶನೀಲಿ ಬಣ್ಣ ಬಳಿದ. ಬಿಡಿಭಾಗಗಳನ್ನೆಲ್ಲ ಜೋಡಿಸಿದ. ದೂರದಿಂದ ನೋಡಿದರೆ ಹೊಸ ಮದುಮಗನ ಹಾಗೆ ನಿಂತಿತ್ತು ಸೈಕಲ್ಲು.

ಏಪ್ರಿಲ್ಲಿನ ಒಂದು ಬೆಳಗ್ಗೆ, ಬಿಸಿಲು ಇನ್ನೂ ಏರಿರಲಿಲ್ಲ, ಆಚಾರ್ಯರೇ ಬಂದುಬಿಟ್ಟರು. ಸುಷಮಾ ಕೈಹಿಡಿದು ಕರೆತಂದಿದ್ದಳು. ಪ್ಯಾಂಟಿನ ಕಾಲಿಗೆ ಕ್ಲಿಪ್ಪು ಹಾಕಿಕೊಂಡೇ ಬಂದಿದ್ದರು.

"ಇವತ್ತ ಕಣ್ಣು ಸ್ವಲ್ಪ ತಿಳಿಯಾಗ್ಯದ ಉರುಕುಂದಾ," ಎಂದರು. ದನಿಯಲ್ಲಿ ಸಂಭ್ರಮ. "ನಡುವ ಒಂದಿಷ್ಟು ರಸ್ತೆ ಕಾಣ್ತದ. ಸುಷಮಾ ಹಿಂದ ಸ್ಕೂಟರ್ ಮ್ಯಾಲೆ ಬರ್ತಾಳ. ಚೈನು ಬಂದಿಲ್ಲಂದ್ರ ನಿನ್ನ ಹತ್ರ ಇದ್ದದ್ದೇ ಯಾವುದಾದ್ರೂ ಹಾಕು. ಇನ್ನ ಕಾಯೋ ಹಂಗಿಲ್ಲ."

ಉರುಕುಂದ ಸೈಕಲ್ಲನ್ನು ತಂದು ಮುಂದೆ ನಿಲ್ಲಿಸಿದ. ಹೇಳಬೇಕು, ಈಗ ಹೇಳಬೇಕು ಎಂದುಕೊಳ್ಳುತ್ತಲೇ ಇದ್ದ. ಆಚಾರ್ಯರು ಹ್ಯಾಂಡಲ್ ಮುಟ್ಟಿದರು, ಸೀಟು ಮುಟ್ಟಿದರು, ಹಿಂದಿನ ಗಾಲಿ ಎತ್ತಿ ತಿರುಗಿಸಿ, ಕಿವಿಗೊಟ್ಟು ಕೇಳಿ, "ಭೇಷ್!" ಎಂದರು. ಆಮೇಲೆ ಅವರ ಕೈ ಕೊಳವೆಯ ಗುಂಟ ಕೆಳಗಿಳಿಯಿತು. ಬುಡದ ಹತ್ತಿರ ನಿಂತಿತು. ಕಣ್ಣು ಹೋಗುತ್ತಿದ್ದವರ ಬೆರಳು, ಬಣ್ಣಕ್ಕೆ ಮೋಸಹೋಗಲಿಲ್ಲ.

"ಇಲ್ಲಿ ಬೆಸುಗಿ ಹಾಕೀಯಲ್ಲ?"

"ತುಕ್ಕು ಹಿಡಿದಿತ್ತು ಆಚಾರ್ರೆ. ಕಪ್ಪು ಬಿಚ್ಚಾಕ ಹೋದೆ, ಬುಡ ಸೀಳಿತು. ಓಡಂಗಿಲ್ಲ ಇದು. ಹೇಳಾಕ ಬಾಯಿ ಬರಲಿಲ್ಲ ನನಗ, ತಪ್ಪಾತು."

ಆಚಾರ್ಯರು ಬೆರಳು ತೆಗೆಯಲಿಲ್ಲ. "ಯಾವ ಕಡೆ ತಿರುಗಿಸಿದಿ?" ಎಂದು ಮೆಲ್ಲಗೆ ಕೇಳಿದರು.

"ಬಲಕ್ಕ. ಬಲಗಡಿ ಕಪ್ಪು ಉಲ್ಟಾ ಅಲ್ರೀ?"

"ನಮ್ಮ ಸೈಕಲ್ಲಿಗೆ ಉಲ್ಟಾ. ಇಟಲಿ ಸೈಕಲ್ಲಿಗೆ ಎರಡೂ ಕಡೆ ಒಂದೇ ಥರ, ಎರಡನ್ನೂ ಎಡಕ್ಕೇ ಬಿಚ್ಚಬೇಕು. ಆ ಎಂಜಿನಿಯರ್ ನನ್ನ ಮುಂದನೇ ಬಿಚ್ಚಿ ತೋರಿಸಿದ್ದ."

ಉರುಕುಂದನಿಗೆ ಈಗ ಹೊಳೆಯಿತು. ಮೂರು ದಿನ ತಾನು ಬಿಚ್ಚಿದ್ದಲ್ಲ, ಬಿಗಿ ಮಾಡಿದ್ದು. ಬೆಂಕಿ ಹಚ್ಚಿ, ಪೈಪು ತೂರಿಸಿ, ಗೋಡೆಗೆ ಕಾಲು ಕೊಟ್ಟು ಬಿಗಿ ಮಾಡಿದ್ದು! ತುಕ್ಕಲ್ಲ, ತನ್ನ ಕೈಯೇ. ಎಡಕ್ಕೆ ಒಂದು ಸಲ ಎಳೆದು ನೋಡಿದ್ದರೆ ಸಾಕಿತ್ತು.

"ಹೇಳಬಾರದಿತ್ತೇನ್ರಿ ನನಗ?" ಎಂದ. "ಒಂದು ಮಾತು ಹೇಳಿದ್ರ ಏನಾಗ್ತಿತ್ರೀ?"

"ಹೇಳ್ಬೇಕಂತನೇ ಎರಡು ಸಲ ಬಂದಿದ್ದೆ," ಎಂದರು ಆಚಾರ್ಯರು. "ನಿನಗ ಕೆಲಸ ಹೇಳಿಕೊಟ್ರ ಸೈಕಲ್ ತಂದು ಹೊರಗಿಡ್ತೀ ಅಂತ ಅಂಜಿದೆ. ನೀ ಒಲ್ಲೆ ಅಂದ್ರ ಈ ಊರಾಗ ಇದನ್ನ ಮತ್ಯಾರ ಹತ್ರ ಒಯ್ಯಲಿ? ನಿನಗ ಗೊತ್ತಿದ್ದೀತು ಬಿಡು ಅಂತ ಸುಮ್ಮನಾದೆ."

ಉರುಕುಂದ ಮುಖ ಮುಚ್ಚಿಕೊಂಡು ಅತ್ತ. ಆಮೇಲೆ ಒಳಗೆ ಓಡಿ, ತನ್ನ ಕರಿ ಸೈಕಲ್ಲನ್ನು ತಳ್ಳಿಕೊಂಡು ಬಂದ. "ಇದರ ಮ್ಯಾಲೆ ಕುಂದರ್ರಿ. ಕಡುಬೂರ ತನಕ ನಾ ಹೊಡೀತೀನಿ. ನೀವು ಹಿಂದ ಕುಂತು ರಸ್ತೆ ನೋಡ್ರಿ. ಕೈ ಮುಗೀತೀನಿ."

"ಬ್ಯಾಡಪ್ಪ," ಎಂದರು ಆಚಾರ್ಯರು. "ಹಿಂದ ಕೂತು ಹೋಗೋದು ಇನ್ನ ಮ್ಯಾಲೆ ಇದ್ದೇ ಅದ ನನಗ."

ಬಗ್ಗಿ ಕಾಲಿನ ಕ್ಲಿಪ್ಪು ತೆಗೆದು ಜೇಬಿಗೆ ಹಾಕಿಕೊಂಡರು. ಸುಷಮಾಳ ಭುಜ ಹಿಡಿದು ಓಣಿ ದಾಟಿ ಹೋದರು. ಅವರು ಒಂದು ಬೈಗುಳ ಬೈದು ಹೋಗಿದ್ದರೂ ಉರುಕುಂದನಿಗೆ ಉಸಿರಾಡಲು ಸ್ವಲ್ಪ ಜಾಗ ಸಿಗುತ್ತಿತ್ತು.

ಜೂನಿನಲ್ಲಿ ಮೊದಲ ಮಳೆ ಬಿದ್ದ ವಾರ, ಅವನೇ ಧೈರ್ಯ ಮಾಡಿ ಫೋನ್ ಮಾಡಿದ. ಸುಷಮಾ ಎತ್ತಿದಳು. ಎಡಗಣ್ಣೂ ಪೂರ್ತಿ ಹೋಗಿ ಎಂಟು ದಿನವಾಯಿತು, ಈಗ ಬೆಳಕೂ ತಿಳಿಯುವುದಿಲ್ಲ ಎಂದಳು.

"ನನ್ನ ಬೈತಾರೇನವ್ವಾ ಆಚಾರ್ರು?" ಎಂದು ಕೇಳಿದ.

"ಇಲ್ರೀ," ಎಂದಳು ಆಕೆ. "ನಿಮ್ಮ ಹೆಸರೇ ತಗಿಯಂಗಿಲ್ಲ ಅವ್ರು."